ಕೆಂಪು ಚುಕ್ಕೆಗೆ ಬಾಲ ಬಂದಾಗ

ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್ ಬಂತೆಂದರೆ ನಮ್ಮ ಕೊಡಗಿನಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಇರಲೇಬೇಕು. ನಾಲ್ಕು ವರ್ಷದ ಹಿಂದೆ ನಾನು ಹೊಡೆದ ಮೂರೂ ಗುಂಡು ಕಾಯಿಯ ಕೆಳಗೇ ಹೋದವು. 'ಕೈ ನಡುಗ್ತಿದೆ ಕಣೋ' ಅಂದರು ದೊಡ್ಡಪ್ಪ. ಕೈ ನೆಟ್ಟಗೇ ಇತ್ತು. ಕಾಯಿಯ ಕೆಳಗಿನ ಅಂಚು ನನಗೆ ಎರಡೆರಡು ಕಾಣುತ್ತಿತ್ತು, ನಾನು ತಪ್ಪು ಅಂಚಿಗೆ ಗುರಿ ಇಟ್ಟಿದ್ದೆ.

ಕಣ್ಣು ತೋರಿಸಿದಾಗ ಗೊತ್ತಾಯಿತು, ಬಲಗಣ್ಣಿಗೆ ಸಿಲಿಂಡರ್ (ಸೊಟ್ಟ ಬಾಗನ್ನು ಸರಿಮಾಡುವ ನಂಬರ್) ಮೈನಸ್ 1.25, ಆಕ್ಸಿಸ್ (ಅದರ ಕೋನ) 170. ಅಸ್ಟಿಗ್ಮ್ಯಾಟಿಸಂ ಅಂತಾರಲ್ಲ, ಅದೇ. ಕಣ್ಣಿನ ಮುಂದಿನ ಪಾರದರ್ಶಕ ಪೊರೆ (ಕಾರ್ನಿಯಾ) ಚೆಂಡಿನ ಹಾಗೆ ದುಂಡಗಿಲ್ಲದೆ ಒಂದು ಕಡೆಗೆ ಜಾಸ್ತಿ ಬಾಗಿರುತ್ತದೆ. ನನ್ನ ಕಣ್ಣಿಗೆ ದೂರದ ವಸ್ತು ಮೇಲೆ ಕೆಳಗೆ ಎಳೆದ ಹಾಗೆ ಕಾಣುತ್ತದೆ.

ಅಭ್ಯಾಸಕ್ಕೆ ನನ್ನ ಹತ್ತಿರ 0.177 ಇಂಚಿನ ಏರ್ ರೈಫಲ್ ಇದೆ. ಅದಕ್ಕೆ ಮೊದಲು ರೆಡ್ ಡಾಟ್ ತಂದೆ, ಗುರಿ ಇಡಲು ಗಾಜಿನಲ್ಲಿ ಕೆಂಪು ಚುಕ್ಕೆ ತೋರಿಸುವ ಸೈಟ್. ನೋಡಿದರೆ ಚುಕ್ಕೆಯೇ ಇಲ್ಲ, ಬಾಲ ಇರುವ ಅಲ್ಪವಿರಾಮ! ಮಾಲು ಕೆಟ್ಟಿದೆ ಅಂತ ವಾಪಸ್ ಕೊಡಲು ಹೊರಟಿದ್ದೆ. ಗೆಳೆಯನೊಬ್ಬ ತಡೆದು, ಅದರ ಮೂಲಕ ಮೊಬೈಲಿನಲ್ಲಿ ಒಂದು ಫೋಟೊ ತೆಗೆದ. ಫೋಟೊದಲ್ಲಿ ಚುಕ್ಕೆ ಗುಂಡಗಿತ್ತು. ಸೈಟನ್ನು ಕೈಯಲ್ಲಿ ಹಿಡಿದು ತಿರುಗಿಸಿದರೆ ಬಾಲ ಅಲ್ಲೇ ಇತ್ತು, ತಲೆ ವಾಲಿಸಿದರೆ ಬಾಲವೂ ವಾಲಿತು. ಅಲ್ಲಿಗೆ ತಪ್ಪು ಯಾರದು ಅಂತ ತಿಳಿಯಿತಲ್ವಾ? ಬೆಳಕು ಕಡಿಮೆ ಮಾಡಿದಾಗ ಬಾಲ ಸ್ವಲ್ಪ ಗಿಡ್ಡವಾಯಿತು, ಆದರೆ ಬಿಸಿಲಲ್ಲಿ ಚುಕ್ಕೆಯೇ ಕಾಣದು.

ಆಮೇಲೆ ಸ್ಕೋಪ್, ಒಳಗೆ ಅಡ್ಡ ಉದ್ದ ಗೆರೆ ಇರುವ ಕೋವಿಯ ದುರ್ಬೀನು. ಕಣ್ಣಿನ ಬದಿಯ ಉಂಗುರ ತಿರುಗಿಸಿದರೆ ಅಡ್ಡಗೆರೆ ಚೂಪಾಗುತ್ತಿತ್ತು. ಇನ್ನಷ್ಟು ತಿರುಗಿಸಿದರೆ ಉದ್ದಗೆರೆ ಚೂಪಾಗಿ ಅಡ್ಡಗೆರೆ ಮಸುಕು. ಎರಡೂ ಒಟ್ಟಿಗೆ ಆಗಲೇ ಇಲ್ಲ. ಆ ಉಂಗುರ ಮಾಮೂಲಿ ಪವರನ್ನು ಸರಿಮಾಡುತ್ತದೆ, ಸಿಲಿಂಡರನ್ನು ಅಲ್ಲ. ಕನ್ನಡಕ ಹಾಕಿಕೊಂಡೇ ನೋಡಿದರೆ ಪರವಾಗಿಲ್ಲ. (ಸ್ಪ್ರಿಂಗ್ ಏರ್ ರೈಫಲ್ ಹಿಂದಕ್ಕೂ ಮುಂದಕ್ಕೂ ಒದೆಯುತ್ತದೆ. ಅಗ್ಗದ ಸ್ಕೋಪ್ ತಾಳುವುದಿಲ್ಲ. ನನ್ನದು ಮೂರೇ ತಿಂಗಳು ಬಾಳಿತು.)

ಕೊನೆಗೆ ಕೈ ಹಿಡಿದದ್ದು ಪೀಪ್ ಸೈಟ್. ಕಣ್ಣಿನ ಮುಂದೆ ಸುಮ್ನೆ ಒಂದು ತೂತು, ಅಷ್ಟೇ. ಸಣ್ಣ ತೂತಿನಿಂದ ಬರುವ ಬೆಳಕು ಪೊರೆಯ ನಡುವಿನ ಚೂರು ಜಾಗದಲ್ಲಷ್ಟೇ ಹಾಯುತ್ತದೆ, ಹಾಗಾಗಿ ಸೊಟ್ಟ ಬಾಗಿನ ಆಟ ಜಾಸ್ತಿ ನಡೆಯುವುದಿಲ್ಲ. ನನಗೆ ಹೊಂದಿದ್ದು 1.2 ಮಿಲಿಮೀಟರ್. 1ಕ್ಕೆ ಇಳಿಸಿದರೆ ಸಂಜೆ ಕತ್ತಲು, ಅದಕ್ಕಿಂತ ಚಿಕ್ಕದಾದರೆ ಅಂಚು ಮತ್ತೆ ಮಸುಕು. ನಳಿಕೆಯ ತುದಿಯಲ್ಲಿರುವ ಮುಂದಿನ ಸೈಟಿನ ಉಂಗುರವನ್ನೂ ಒಂದು ಸೈಜು ದೊಡ್ಡದು ಹಾಕಿದೆ. ಕರಿ ಗುರಿಯ ಸುತ್ತ ಬಿಳಿ ಎಲ್ಲ ಕಡೆ ಒಂದೇ ಸಮ ಕಂಡಿತು. 10 ಮೀಟರಿನಲ್ಲಿ ಮೇಲೆ ಕೆಳಗೆ ಉದ್ದಕ್ಕೆ ಬೀಳುತ್ತಿದ್ದ ತೂತುಗಳು ಒಂದೆಡೆ ಗುಂಪಾದವು.

ಆದರೆ ನಮ್ಮೂರ ಸ್ಪರ್ಧೆಯಲ್ಲಿ ಓಪನ್ ಸೈಟ್ ಮಾತ್ರ, ಅಂದರೆ ತೂತೂ ಗಾಜೂ ಇಲ್ಲದ ಬರೀ ಕಚ್ಚು ಮತ್ತು ಮುಂದಿನ ಕಡ್ಡಿ. ಅದಕ್ಕೆ ತೂತನ್ನು ಕನ್ನಡಕಕ್ಕೇ ಅಂಟಿಸಿದೆ! ಕರಿ ಟೇಪಿನ ಚೂರಿಗೆ ಸೂಜಿಯಿಂದ ತೂತು ಹಾಕಿದ್ದು. ಮೊದಲ ಸಲ ಗಾಜಿನ ನಡುವೆ ಅಂಟಿಸಿ ಏನೂ ಕಾಣದೆ ಬೈದುಕೊಂಡೆ. ಕೋವಿಗೆ ಕೆನ್ನೆ ಒತ್ತಿದಾಗ ನಾವು ನೋಡುವುದು ಗಾಜಿನ ಮೇಲಿನ, ಮೂಗಿನ ಕಡೆಯ ಮೂಲೆಯಿಂದ. ಮಾಮೂಲಿ ಕನ್ನಡಕದ ಆ ಮೂಲೆಯಲ್ಲಿ ಓರೆಯಾಗಿ ನೋಡಿದರೆ ಸರಿಯಾದ ನಂಬರ್ ಇದ್ದೂ ಮಸುಕಾಗಬಹುದು. ಖಾಲಿ ಕೋವಿ ಹಿಡಿದು ನಿಂತೆ. ಹೆಂಡತಿ ಪಕ್ಕದಲ್ಲಿ ನಿಂತು, ನಾನು 'ಇಲ್ಲೇ' ಅಂದ ಜಾಗಕ್ಕೆ ಸ್ಕೆಚ್ ಪೆನ್ನಿಂದ ಚುಕ್ಕೆ ಇಟ್ಟಳು. ಟೇಪು ಅಲ್ಲಿಗೆ ಬಂತು.

ಕಳೆದ ಹಬ್ಬದಲ್ಲಿ ಎರಡನೇ ಗುಂಡಿಗೆ ಕಾಯಿ ಒಡೆಯಿತು. ದೊಡ್ಡಪ್ಪ ಟೇಪು ನೋಡಿ ನಕ್ಕರು. ಆಮೇಲೆ ಮೆಲ್ಲಗೆ ಆ ಕನ್ನಡಕ ಇಸಿದುಕೊಂಡು ತಾವೂ ಒಂದು ಸಲ ಗುರಿ ನೋಡಿದರು.