ಪೋಸ್ಟ್ ಎಣಿಸಿ ಬಿರುದು ಕೊಡುವುದನ್ನು ನಾನು ನಿಲ್ಲಿಸಿದ್ದು

ಮನೆಯ ಎಲೆಕ್ಟ್ರಾನಿಕ್ ಸಾಮಾನುಗಳ ರಿಪೇರಿ ಬಗ್ಗೆ ಮಾತಾಡುವ ಒಂದು ಫೋರಂನ ಅಡ್ಮಿನ್ ನಾನು. ಅದು ಪಿಎಚ್‌ಪಿಬಿಬಿ 3.3 ಅನ್ನುವ ಫೋರಂ ಸಾಫ್ಟ್‌ವೇರ್ ಮೇಲೆ ನಡೆಯುತ್ತದೆ. ಶುರುವಿನಲ್ಲಿ ಪೋಸ್ಟ್ ಲೆಕ್ಕದ ಮೇಲೆ ಬಿರುದು ಇಟ್ಟಿದ್ದೆ. ಸೇರಿದ ಕೂಡಲೇ ‘ಹೊಸಬರು’, 50 ದಾಟಿದರೆ ‘ಸದಸ್ಯರು’, 200ಕ್ಕೆ ‘ಅನುಭವಿ’, 500ಕ್ಕೆ ‘ತಜ್ಞರು’. ಜನ ಜಾಸ್ತಿ ಬರೆಯಲಿ ಅನ್ನುವುದಷ್ಟೇ ಆಗ ತಲೆಯಲ್ಲಿತ್ತು.

ಒಂದು ದಿನ ಯಾರೋ ಮೈಕ್ರೋವೇವ್ ಓವನ್ ಬಿಸಿ ಮಾಡುತ್ತಿಲ್ಲ ಎಂದು ಕೇಳಿದರು. ‘ಪ್ಲಗ್ ತೆಗೆದು ಬಿಚ್ಚಿ ನೋಡಿ, ಏನೂ ಆಗಲ್ಲ’ ಎಂದು ಉತ್ತರ ಬಂತು. ಬರೆದವರ ಹೆಸರಿನ ಕೆಳಗೆ ‘ತಜ್ಞರು’ ಎಂದಿತ್ತು. ಅದಾದ ಮೇಲೆ ಇನ್ನೊಬ್ಬರು ಬರೆದರು: ‘ದಯವಿಟ್ಟು ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಒಳಗಿನ ಹೈ ವೋಲ್ಟೇಜ್ ಕೆಪಾಸಿಟರ್‌ನಲ್ಲಿ ಚಾರ್ಜ್ ಉಳಿದಿರುತ್ತದೆ. ಜೀವಕ್ಕೇ ಅಪಾಯ.’ ಇವರದು ರಿಪೇರಿಯೇ ಕಸುಬು. ಆದರೆ ಬರೆದಿದ್ದು ಮೂವತ್ತು ಪೋಸ್ಟ್ ಇರಬಹುದು, ಹಾಗಾಗಿ ಹೆಸರಿನ ಕೆಳಗೆ ‘ಹೊಸಬರು’. ಕೇಳಿದವರು ‘ತಜ್ಞರಿಗೆ’ ಥ್ಯಾಂಕ್ಸ್ ಹೇಳಿ, ಸ್ಕ್ರೂಡ್ರೈವರ್ ತರುತ್ತೇನೆ ಎಂದಿದ್ದರು!

ನಾನು ಆಗಲೇ ಲಾಗಿನ್ ಆಗಿದ್ದರಿಂದ ಆ ಉತ್ತರವನ್ನು ತೆಗೆದು, ಕೇಳಿದವರಿಗೆ ನೇರವಾಗಿ ಮೆಸೇಜ್ ಹಾಕಿದೆ. ಅವರು ನಿಲ್ಲಿಸಿದರು. ತಪ್ಪು ಉತ್ತರ ಬರೆದವರನ್ನು ನಾನು ದೂರಲಿಲ್ಲ. ಆ ಪದವನ್ನು ಅವರ ಹೆಸರಿನ ಕೆಳಗೆ ಇಟ್ಟವನು ನಾನು ತಾನೇ? ಓದುವವರು ಮೊದಲು ನೋಡುವುದು ಹೆಸರು, ಆಮೇಲೆ ಬಿರುದು, ಆಮೇಲೆ ಉತ್ತರ. ಬಿರುದಿನ ಆ ಒಂದು ಪದಕ್ಕೆ ಅಷ್ಟು ತೂಕ ಇದೆ.

ಅದೇ ವಾರ ಅಡ್ಮಿನ್ ಪ್ಯಾನೆಲ್‌ನಲ್ಲಿ ರ್ಯಾಂಕ್‌ಗಳ (ಈ ಸಾಫ್ಟ್‌ವೇರ್ ಬಿರುದಿಗೆ ಇಟ್ಟ ಹೆಸರು) ಪುಟ ತೆರೆದು, ಪೋಸ್ಟ್ ಲೆಕ್ಕದ ನಾಲ್ಕೂ ರ್ಯಾಂಕ್ ಅಳಿಸಿದೆ. ಅವುಗಳ ಜಾಗದಲ್ಲಿ ‘ಸ್ಪೆಷಲ್ ರ್ಯಾಂಕ್’ ಮಾತ್ರ ಇಟ್ಟೆ. ಇದು ತಾನಾಗಿ ಬರುವುದಿಲ್ಲ, ಯಾರಾದರೂ ಕೊಡಬೇಕು. ಮೂರೇ ಸಾಕು ಅನಿಸಿತು: ‘ಅಡ್ಮಿನ್’, ‘ಮಾಡರೇಟರ್’, ‘ರಿಪೇರಿ ಬಲ್ಲವರು’. ಮೂರನೆಯದನ್ನು ಕಸುಬು ಗೊತ್ತಿರುವವರಿಗೆ, ಅವರ ಹಳೆಯ ಉತ್ತರಗಳನ್ನು ಮಾಡರೇಟರ್‌ಗಳು ಓದಿ ನೋಡಿದ ಮೇಲೆ ಕೊಡುತ್ತೇವೆ. ಉಳಿದವರ ಹೆಸರಿನ ಕೆಳಗೆ ಏನೂ ಇಲ್ಲ. ಖಾಲಿ ಬಿಡುವುದೂ ಸರಿಯಾದ ಮಾಹಿತಿಯೇ.

ಒಬ್ಬೊಬ್ಬರಿಗೇ ಕೊಡುವ ಬದಲು ಗುಂಪಿಗೆ ರ್ಯಾಂಕ್ ಕೊಟ್ಟೆ. ಇಲ್ಲೊಂದು ತೊಡಕು ಬಂತು. ಒಬ್ಬ ಸದಸ್ಯರು ಎಷ್ಟೇ ಗುಂಪಿನಲ್ಲಿದ್ದರೂ ಅವರ ಡೀಫಾಲ್ಟ್ ಗುಂಪಿನ, ಅಂದರೆ ಮುಖ್ಯ ಎಂದು ಗುರುತಿಸಿದ ಗುಂಪಿನ, ರ್ಯಾಂಕ್ ಮಾತ್ರ ಅವರಿಗೆ ಅಂಟಿಕೊಳ್ಳುತ್ತದೆ. ಮಾಡರೇಟರ್ ಆಗಿ ರಿಪೇರಿಯೂ ಬಲ್ಲವರಿಗೆ ಒಂದೇ ಬಿರುದು ಕಾಣುತ್ತಿತ್ತು. ಅವರನ್ನೇ ಕೇಳಿ, ಯಾವುದು ಮುಖ್ಯವೋ ಅದನ್ನು ಡೀಫಾಲ್ಟ್ ಮಾಡಿದೆ.

ಇನ್ನು ತೋರಿಸುವ ರೀತಿ. ಮೂಲ ಥೀಮ್ ಪ್ರೋಸಿಲ್ವರ್‌ಗೆ ಕೈ ಹಚ್ಚಬೇಡಿ, ಅಪ್‌ಡೇಟ್ ಬಂದಾಗ ನಿಮ್ಮ ಬದಲಾವಣೆಯೆಲ್ಲ ಅಳಿಸಿಹೋಗಬಹುದು. ನಾನು ಅದನ್ನೇ ಪೇರೆಂಟ್ (ಆಧಾರ) ಎಂದು ಹೇಳುವ ಒಂದು ಸಣ್ಣ ಥೀಮ್ ಮಾಡಿ, ಬೇಕಾದ ಟೆಂಪ್ಲೇಟ್ (ಪುಟದ ಅಚ್ಚಿನ ಫೈಲ್) ಮಾತ್ರ ಅದರೊಳಗೆ ಕಾಪಿ ಮಾಡಿದೆ. ಪೋಸ್ಟ್ ಕಾಣುವ ಪುಟದ ಟೆಂಪ್ಲೇಟ್‌ನಲ್ಲಿ ಬಿರುದಿನ ಸಾಲು ಬೇರೆಯೇ ಇರುತ್ತದೆ. ಅದನ್ನು ಹೆಸರಿಗೆ ಅಂಟಿಸಿ, ಬಣ್ಣದ ಪಟ್ಟಿಯಂತೆ ಮಾಡಿದೆ. ಸೇವ್ ಮಾಡಿ ರಿಫ್ರೆಶ್ ಒತ್ತಿದರೆ ಏನೂ ಬದಲಾಗದಿದ್ದರೆ ಗಾಬರಿಯಾಗಬೇಡಿ. ಅಡ್ಮಿನ್ ಪ್ಯಾನೆಲ್‌ಗೆ ಹೋಗಿ ಕ್ಯಾಶ್ (ಎತ್ತಿಟ್ಟುಕೊಂಡ ಹಳೆಯ ಪ್ರತಿ) ಖಾಲಿ ಮಾಡಿ.

ಪ್ರತಿ ಬಿರುದಿಗೆ ಬೇರೆ ಬಣ್ಣ ಕೊಡುವುದು ಕಷ್ಟವಾಯಿತು. ಟೆಂಪ್ಲೇಟ್‌ಗೆ ಬಿರುದಿನ ಹೆಸರು ಬರುತ್ತದೆ, ಸಾಫ್ಟ್‌ವೇರ್ ಒಳಗೆ ಅದಕ್ಕಿರುವ ನಂಬರ್ ಬರುವುದಿಲ್ಲ. ಹಾಗಾಗಿ ಮೊದಲು ‘ಹೆಸರು ಇದಾಗಿದ್ದರೆ ಈ ಬಣ್ಣ’ ಎಂದು ಬರೆದೆ. ಕೆಲಸ ಮಾಡಿತು. ಎರಡು ತಿಂಗಳಾದ ಮೇಲೆ ಇನ್ನೊಬ್ಬ ಅಡ್ಮಿನ್ ‘ಮಾಡರೇಟರ್’ ಅನ್ನು ‘ಮಾಡರೇಟರು’ ಮಾಡಿದರು. ಒಂದು ಕೊಂಬು ಸೇರಿದ್ದಕ್ಕೆ ಎಲ್ಲ ಮಾಡರೇಟರ್‌ಗಳ ಬಣ್ಣ ಹೋಯಿತು. ಆಮೇಲೆ ಫೋರಂಗೆ ಸೇರಿಸುವ ಒಂದು ಚಿಕ್ಕ ಎಕ್ಸ್‌ಟೆನ್ಷನ್ ಬರೆದೆ. ಅದು ಪುಟ ತಯಾರಾಗುವಾಗ ಎರಡು ಕಡೆ ಕೈ ಹಾಕುತ್ತದೆ: ಸದಸ್ಯರ ವಿವರ ಓದುವಾಗ ರ್ಯಾಂಕ್ ನಂಬರ್ ಎತ್ತಿಟ್ಟುಕೊಳ್ಳುತ್ತದೆ, ಪೋಸ್ಟ್ ಸಾಲು ಜೋಡಿಸುವಾಗ ಅದನ್ನು ಟೆಂಪ್ಲೇಟ್‌ಗೆ ಕೊಡುತ್ತದೆ. ಪುಟದ ರೂಪ ಹೇಳುವ ಸಿಎಸ್‌ಎಸ್‌ನಲ್ಲಿ ನಂಬರ್‌ಗೆ ಬಣ್ಣ. ಹೆಸರು ಏನೇ ಬದಲಾಗಲಿ, ಬಣ್ಣ ನಿಲ್ಲುತ್ತದೆ. ಮೊದಲೇ ಹೀಗೆ ಮಾಡಬೇಕಿತ್ತು.

ಕನ್ನಡ ಅಕ್ಷರದ ವಿಷಯಕ್ಕೆ ಬರೋಣ. ಇಂಟರ್‌ನೆಟ್‌ನಲ್ಲಿ ಸಿಗುವ ಬಣ್ಣದ ಪಟ್ಟಿಯ ಡಿಸೈನ್‌ಗಳು ಹೆಚ್ಚಾಗಿ ಇಂಗ್ಲಿಷ್ ಅಕ್ಷರ ನೋಡಿ ಅಳತೆ ಮಾಡಿದವು. ನಾನು ಎತ್ತಿಕೊಂಡಿದ್ದರಲ್ಲಿ ಎತ್ತರ 16 ಪಿಕ್ಸೆಲ್ ಎಂದು ಕಟ್ಟಿಹಾಕಿ, ಹೊರಗೆ ಬಂದದ್ದನ್ನು ಮರೆಮಾಡುವ ಸಾಲಿತ್ತು. ‘ರಿಪೇರಿ ಬಲ್ಲವರು’ ಹಾಕಿದೆ. ಒತ್ತಕ್ಷರ ಕತ್ತರಿಸಿ ‘ಬಲವರು’ ಎಂದು ಕಾಣಿಸಿತು. ಎತ್ತರದ ಸಾಲು, ಮರೆಮಾಡುವ ಸಾಲು ಎರಡನ್ನೂ ಕಿತ್ತು, ಲೈನ್ ಹೈಟ್ (ಸಾಲಿನ ಎತ್ತರ) ಅಕ್ಷರದ 1.6 ಪಟ್ಟು ಮಾಡಿ, ಮೇಲೆ ಕೆಳಗೆ ಸ್ವಲ್ಪ ಪ್ಯಾಡಿಂಗ್ (ಖಾಲಿ ಜಾಗ) ಕೊಟ್ಟೆ. ಅಕ್ಷರದ ಗಾತ್ರವನ್ನೂ 11ರಿಂದ 13 ಪಿಕ್ಸೆಲ್‌ಗೆ ಏರಿಸಿದೆ. ಒತ್ತು ಈಗ ಪೂರ್ತಿ ಕಾಣುತ್ತದೆ.

ಬಣ್ಣದಲ್ಲೂ ಎಡವಿದ್ದೆ. ಬಿಳಿ ಮೇಲೆ #999999 ಎಂಬ ಕೋಡ್‌ನ ಬೂದು ನೋಡಲು ನಾಜೂಕಾಗಿತ್ತು. ಅದರ ಕಾಂಟ್ರಾಸ್ಟ್ (ಅಕ್ಷರಕ್ಕೂ ಹಿನ್ನೆಲೆಗೂ ಇರುವ ಹೊಳಪಿನ ಅನುಪಾತ) ಸುಮಾರು 2.85 ಮಾತ್ರ. ಸಾಮಾನ್ಯ ಗಾತ್ರದ ಅಕ್ಷರಕ್ಕೆ ಕನಿಷ್ಠ 4.5 ಇರಬೇಕೆಂದು ವೆಬ್ ಸುಲಭಬಳಕೆಯ ಮಾರ್ಗಸೂಚಿ ಹೇಳುತ್ತದೆ. ಸ್ವಲ್ಪ ಗಾಢ ಬೂದಾದ #767676 ಆ ಗೆರೆಯನ್ನು ಹೇಗೋ ದಾಟುತ್ತದೆ, ನಾನು ಇನ್ನೂ ಗಾಢ ಬಣ್ಣ ಆರಿಸಿದೆ. ಬಣ್ಣವನ್ನೇ ನಂಬಲಿಲ್ಲ, ಪಟ್ಟಿಯೊಳಗೆ ಪದ ಇದ್ದೇ ಇರುತ್ತದೆ. ಕೆಂಪು ಹಸಿರು ಬೇರೆ ಬೇರೆ ಕಾಣದವರೂ ಓದುತ್ತಾರೆ ಅಲ್ವಾ?

ಪೋಸ್ಟ್ ಸಂಖ್ಯೆಯನ್ನು ಪೂರ್ತಿ ತೆಗೆಯಲಿಲ್ಲ. ತುಂಬಾ ಬರೆಯುವವರಿಗೆ ಅದು ಖುಷಿ ಕೊಡುತ್ತದೆ, ಅದರಲ್ಲಿ ತಪ್ಪೇನಿಲ್ಲ. ಪ್ರೊಫೈಲ್ ಪುಟದಲ್ಲಿ ಇಟ್ಟಿದ್ದೇನೆ, ಉತ್ತರದ ಪಕ್ಕದಲ್ಲಿ ಇಲ್ಲ. ಹಳೆಯ ‘ತಜ್ಞರು’ ಕೆಲವರು ಬೇಜಾರು ಮಾಡಿಕೊಂಡರು. ಒಬ್ಬೊಬ್ಬರಿಗೂ ನಾನೇ ಕಾರಣ ಬರೆದು ಕಳಿಸಿದೆ. ಮೈಕ್ರೋವೇವ್ ಉತ್ತರ ಬರೆದಿದ್ದವರು, ‘ಆ ಕೆಪಾಸಿಟರ್ ವಿಷಯ ನನಗೆ ನಿಜಕ್ಕೂ ಗೊತ್ತಿರಲಿಲ್ಲ’ ಎಂದು ಬರೆದರು. ಕೆಪಾಸಿಟರ್ ಬಗ್ಗೆ ಎಚ್ಚರಿಸಿದ ರಿಪೇರಿಯವರ ಹೆಸರಿನ ಪಕ್ಕ ಈಗ ‘ರಿಪೇರಿ ಬಲ್ಲವರು’ ಎಂದಿದೆ, ಒತ್ತಕ್ಷರ ಸಮೇತ.