ಹೊಟ್ಟೆ ಚಿಕ್ಕದಾದ ಮೇಲೆ ಅಡುಗೆಮನೆಯೂ ಬದಲಾಗಬೇಕು

ಹೋದ ಸೋಮವಾರ ಗಂಗಾವತಿಯಲ್ಲಿರುವ ತಂಗಿಯ ಮಗಳನ್ನು ನೋಡಲು ಹೋಗಿದ್ದೆ. ತೂಕ ಇಳಿಸುವ ಶಸ್ತ್ರಚಿಕಿತ್ಸೆಯಾಗಿ ಇಪ್ಪತ್ತು ದಿನವಾಗಿತ್ತು. ಹುಡುಗಿ ಒಲೆಯ ಕಟ್ಟೆಗೆ ಒರಗಿ ನಿಂತು, ಒಂದು ಕೈಯಲ್ಲಿ ಮೊಬೈಲ್ ಹಿಡಿದು, ಇನ್ನೊಂದು ಕೈಯಿಂದ ಚಪಾತಿ ಮುರಿದು ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಎರಡನೇ ತುತ್ತಿಗೇ ಎದೆ ಹಿಡಿದುಕೊಂಡಳು. ಅವಳ ಅತ್ತೆ ಗಾಬರಿಯಾಗಿ ದೊಡ್ಡ ಲೋಟದ ತುಂಬ ನೀರು ತಂದು ಕುಡಿಸಿದರು. ತಿಂದದ್ದು, ಕುಡಿದದ್ದು ಎಲ್ಲವೂ ಬಚ್ಚಲಿಗೆ ಹೋಯಿತು. ಆಸ್ಪತ್ರೆಯವರು ಬರೆದುಕೊಟ್ಟ ಪಥ್ಯದ ಹಾಳೆ ಅದೇ ಕಟ್ಟೆಯ ಮೇಲಿತ್ತು. ಅದರ ಮೇಲೆ ಎಣ್ಣೆಯ ಡಬ್ಬಿ ಇಟ್ಟಿದ್ದರು. ನನಗೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಇದು ನಾನು ಯಾರಿಂದಲೋ ಕೇಳಿ ಹೇಳುವ ಮಾತಲ್ಲ. ಕೊಪ್ಪಳದಲ್ಲಿ ನಮ್ಮದು ಕಿರಾಣಿ ಅಂಗಡಿ. ಬೆಳಗಿನಿಂದ ರಾತ್ರಿಯವರೆಗೆ ಗಲ್ಲಾ ಪೆಟ್ಟಿಗೆಯ ಮುಂದೆ ಕುಳಿತೇ ಇರುತ್ತಿದ್ದ ನನ್ನ ಹಿರಿಯ ಮಗ 128 ಕಿಲೊ ತೂಗುತ್ತಿದ್ದ, ಜೊತೆಗೆ ಸಕ್ಕರೆ ಕಾಯಿಲೆ. ಮೂರು ವರ್ಷದ ಹಿಂದೆ ಅವನಿಗೆ ಇದೇ ಶಸ್ತ್ರಚಿಕಿತ್ಸೆಯಾಯಿತು. ಮೊದಲ ಎರಡು ತಿಂಗಳು ಅವನ ಬಾಯಿಗೆ ಹೋದ ಪ್ರತಿ ಚಮಚವನ್ನೂ ನಾನೇ ಮಾಡಿ ಕೊಟ್ಟಿದ್ದೇನೆ.

ಒಳಗೆ ಏನಾಗಿದೆ ಎಂದು ಮನೆಯವರೆಲ್ಲ ಮೊದಲು ತಿಳಿದುಕೊಳ್ಳಿ. ಸ್ಲೀವ್ ಎನ್ನುವ ವಿಧಾನದಲ್ಲಿ ಜಠರದ ಮುಕ್ಕಾಲು ಪಾಲಿಗಿಂತ ಹೆಚ್ಚನ್ನು ಕತ್ತರಿಸಿ ತೆಗೆಯುತ್ತಾರೆ. ಉಳಿಯುವುದು ಬಾಳೆಕಾಯಿಯ ಆಕಾರದ ಒಂದು ಕೊಳವೆ. ಬೈಪಾಸ್ ಎನ್ನುವ ಇನ್ನೊಂದು ವಿಧಾನವಾದರೆ ಜಠರದ ಮೇಲ್ಭಾಗವನ್ನು ಕೋಳಿಮೊಟ್ಟೆಗಿಂತ ಚಿಕ್ಕ ಚೀಲ ಮಾಡಿ, ಅದನ್ನು ನೇರವಾಗಿ ಕರುಳಿಗೆ ಜೋಡಿಸುತ್ತಾರೆ. ಮೇಲೆ ಕಾಣುವುದು ನಾಲ್ಕೈದು ಸಣ್ಣ ಗಾಯಗಳು ಮಾತ್ರ. ಅವು ಒಣಗಿದವೆಂದರೆ ಒಳಗಿನ ಉದ್ದನೆಯ ಹೊಲಿಗೆಯೂ ಒಣಗಿತು ಎಂದು ಮನೆಯವರು ತಿಳಿಯುತ್ತಾರೆ. ಹಾಗಿಲ್ಲ. ಅದಕ್ಕಾಗಿಯೇ ಸುಮಾರು ಎರಡು ವಾರ ಬರೀ ದ್ರವ, ಆಮೇಲೆ ನಾಲ್ಕನೇ ವಾರದವರೆಗೆ ನುಣ್ಣಗೆ ಅರೆದದ್ದು, ಅದಾದ ಮೇಲೆ ಮೆತ್ತಗಿನದು, ಎರಡು ತಿಂಗಳ ಹೊತ್ತಿಗೆ ಮನೆಯ ಊಟ ಎಂದು ಮೆಟ್ಟಿಲು ಹಾಕಿಕೊಡುತ್ತಾರೆ. ನಿಮ್ಮ ವೈದ್ಯರ ಹಾಳೆಯಲ್ಲಿ ದಿನಗಳು ಒಂದಿಷ್ಟು ಹೆಚ್ಚುಕಡಿಮೆ ಇರಬಹುದು. ನಿಮಗೆ ನಿಮ್ಮ ಹಾಳೆಯೇ ಪ್ರಮಾಣ, ಪಕ್ಕದ ಮನೆಯವರದ್ದಲ್ಲ.

ಇನ್ನು ನೋಡಲು ಬರುವವರ ವಿಷಯ. ನಮ್ಮ ಕಡೆ ಯಾರಿಗೆ ಶಸ್ತ್ರಚಿಕಿತ್ಸೆಯಾದರೂ ಬಾಣಂತಿಗೆ ಮಾಡಿದಂತೆಯೇ ಮಾಡುತ್ತಾರೆ. ಅಂಟಿನ ಉಂಡೆ ತಂದರು, ಶೇಂಗಾ ಹೋಳಿಗೆ ತಂದರು, ಗ್ಲೂಕೋಸ್ ಪುಡಿ ತಂದರು. ಬಾಣಂತಿಗೆ ತುಪ್ಪ, ಬೆಲ್ಲ, ಕೊಬ್ಬರಿ ಬೇಕು, ಒಪ್ಪುತ್ತೇನೆ. ನನ್ನ ಅತ್ತೆ ನನಗೆ ನಲವತ್ತು ದಿನ ತಿನ್ನಿಸಿದ ಉಂಡೆಯ ರುಚಿ ಇನ್ನೂ ನಾಲಿಗೆಯ ಮೇಲಿದೆ. ಆದರೆ ಇಲ್ಲಿ ಸಿಹಿ ಎಂದರೆ ಸಂಕಟ. ಬೈಪಾಸ್ ಆದವರಲ್ಲಂತೂ ಸಕ್ಕರೆ, ಬೆಲ್ಲ ತಡೆಯಿಲ್ಲದೆ ಕರುಳಿಗೆ ಇಳಿದು, ಅರ್ಧ ಗಂಟೆಯೊಳಗೆ ಬೆವರು, ಎದೆಬಡಿತ, ತಲೆಸುತ್ತು, ಭೇದಿ ಶುರುವಾಗುತ್ತವೆ. ಸ್ಲೀವ್ ಆದವರಿಗೂ ಕೆಲವೊಮ್ಮೆ ಹೀಗಾಗುವುದುಂಟು. ತಂದವರ ಕೈಯಿಂದ ಡಬ್ಬಿ ತೆಗೆದುಕೊಳ್ಳಿ, ಚಹಾ ಕೊಡಿ, ಉಂಡೆಯನ್ನು ಮನೆಯ ಮಕ್ಕಳಿಗೆ ಹಂಚಿ. "ಒಂದು ಚೂರು ಬಾಯಿಗೆ ಹಾಕು, ನಮ್ಮ ಸಮಾಧಾನಕ್ಕೆ" ಎನ್ನುವವರಿಗೆ ಮುಖದ ಮೇಲೆಯೇ ಬೇಡ ಎನ್ನಿ. ಅವರ ಸಮಾಧಾನಕ್ಕಾಗಿ ನಿಮ್ಮ ಮಗು ಯಾಕೆ ಒದ್ದಾಡಬೇಕು?

ಈಗ ನಾನು ಪ್ರಮಾಣ ಮಾಡಿ ಹೇಳುವ ಒಂದು ಕೆಲಸ. ಧೋತರದಲ್ಲಿ ಸೋಸಿದ ಹೆಸರುಬೇಳೆ. ಮಿಕ್ಸರಿಗೆ ಹಾಕಿದರೆ ಸಾಕಲ್ಲವೇ ಎಂದು ಎಲ್ಲರೂ ಕೇಳುತ್ತಾರೆ, ಸಾಕಾಗುವುದಿಲ್ಲ. ಮಿಕ್ಸರ್ ಎಷ್ಟೇ ತಿರುಗಿದರೂ ಬೇಯದೆ ಉಳಿದ ಒಂದೆರಡು ಗಟ್ಟಿ ಬೇಳೆಯ ಚೂರು, ಸಿಪ್ಪೆಯ ತುಣುಕು ಅದರಲ್ಲಿ ಇದ್ದೇ ಇರುತ್ತವೆ. ನಮಗೆ ನಿಮಗೆ ಅದು ಗೊತ್ತೂ ಆಗುವುದಿಲ್ಲ, ಆ ಕೊಳವೆಗೆ ಗೊತ್ತಾಗುತ್ತದೆ.

ಬೇಳೆಯನ್ನು ಒಂದು ಮುಷ್ಟಿ ತೆಗೆದುಕೊಂಡು ಘಮ ಬರುವವರೆಗೆ ಹುರಿಯಿರಿ, ಕೆಂಪಾಗಬಾರದು. ತೊಳೆದು, ಉಗುರಿನಿಂದ ಒತ್ತಿದರೆ ತುಂಡಾಗುವಷ್ಟು ನೆನೆಸಿ. ಧಾರಾಳವಾಗಿ ನೀರು, ಚಿಟಿಕೆ ಅರಿಸಿನ ಹಾಕಿ, ಬೇಳೆಯ ಗುರುತೇ ಸಿಗದಂತೆ ಬೇಯಿಸಿ. ಉಗುರುಬೆಚ್ಚಗಾದ ಮೇಲೆ ಅರೆಯಿರಿ. ಇನ್ನು ಬಟ್ಟೆ. ಹೊಸ ಬಟ್ಟೆ ಆಗದು, ನೈಲಾನ್ ಜಾಲರಿಯೂ ಆಗದು. ನೂರು ಸಲ ಒಗೆದು ಮೆತ್ತಗಾದ ಹಳೆಯ ಹತ್ತಿ ಧೋತರದ ತುಂಡು ಬೇಕು. ಅದನ್ನು ಬರೀ ನೀರಿನಲ್ಲಿ ಕುದಿಸಿ, ಹಿಂಡಿ, ಒದ್ದೆಯಿರುವಾಗಲೇ ಪಾತ್ರೆಯ ಬಾಯಿಗೆ ಕಟ್ಟಿ. ಒಣ ಬಟ್ಟೆಯಾದರೆ ಸಾರವನ್ನೆಲ್ಲ ತಾನೇ ಕುಡಿದುಬಿಡುತ್ತದೆ. ಬಿಗಿಯಾಗಿ ಕಟ್ಟಬೇಡಿ, ನಡುವೆ ತೊಟ್ಟಿಲಿನಂತೆ ಜೋಲು ಬಿಡಿ. ಒಂದೊಂದೇ ಸೌಟು ಬೇಳೆ ಸುರಿದು, ಸೌಟಿನ ಬೆನ್ನಿನಿಂದ ಸುತ್ತ ಸುತ್ತ ತಿಕ್ಕಿ. ಬಟ್ಟೆಯನ್ನು ಗಂಟು ಕಟ್ಟಿ ಹಿಂಡಲು ಹೋಗಬೇಡಿ. ಹಿಂಡಿದರೆ ಒತ್ತಡಕ್ಕೆ ಸಿಪ್ಪೆಯೂ ನುಗ್ಗಿ ಬರುತ್ತದೆ.

ಮುಖ್ಯವಾದ ಮಾತು ಇಲ್ಲಿದೆ. ತಿಳಿ ಎಲ್ಲ ಕೆಳಗೆ ಇಳಿದ ಮೇಲೆ ಬಟ್ಟೆಯನ್ನು ಬಿಚ್ಚಿ ತಿರುಗಿಸಿ ನೋಡಿ. ಅಡಿಯಲ್ಲಿ ಬೆಣ್ಣೆಯಂತೆ ಗಟ್ಟಿಯಾದದ್ದು ಅಂಟಿಕೊಂಡಿರುತ್ತದೆ. ತಿಳಿಯಷ್ಟೇ ಬಗ್ಗಿಸಿಕೊಂಡು ಬಟ್ಟೆಯನ್ನು ನಲ್ಲಿಯ ಕೆಳಗೆ ಹಿಡಿಯುವವರನ್ನು ನಾನು ಎಷ್ಟು ಮಂದಿಯನ್ನು ನೋಡಿಲ್ಲ! ಬೇಳೆಯ ಸತ್ವವೆಲ್ಲ ಇರುವುದು ಆ ಅಡಿಯ ಗಟ್ಟಿಯಲ್ಲಿ. ಚಮಚದಿಂದ ಕೆರೆದು ಅದನ್ನು ತಿಳಿಗೆ ಸೇರಿಸಿ. ಆಮೇಲೆ ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಒಂದು ಹನಿ ಹಾಕಿ ತಿಕ್ಕಿ ನೋಡಿ. ರವೆಯ ಕಣದಷ್ಟು ಏನಾದರೂ ಸಿಕ್ಕಿದರೆ ಇನ್ನೊಂದು ಸಲ ಸೋಸಿ. ಜಾರಿಹೋಗಬೇಕು, ಎಣ್ಣೆಯ ಹಾಗೆ. ಪೂರ್ತಿ ತಣಿದ ಮೇಲೆ ಕಡೆದ ಮೊಸರು ಬೆರೆಸಿ. ಬಿಸಿಗೆ ಹಾಕಿದರೆ ಒಡೆಯುತ್ತದೆ. ಉಪ್ಪು, ಹುರಿದ ಜೀರಿಗೆಯ ನುಣುಪು ಪುಡಿ. ಮೊದಲ ಎರಡು ವಾರ ಮಜ್ಜಿಗೆಯಷ್ಟು ತೆಳ್ಳಗೆ, ಆಮೇಲೆ ಇಡ್ಲಿ ಹಿಟ್ಟಿನ ಹದಕ್ಕೆ. ಹದಿನಾರನೇ ದಿನ ಮನೆಗೆ ನೆಂಟರು ಬಂದಿದ್ದರೆಂದು ನಾನೇ ಅವಸರದಲ್ಲಿ ಬಟ್ಟೆ ಬಿಟ್ಟು ಚಹಾದ ಜರಡಿಯಲ್ಲಿ ಸೋಸಿ ಕೊಟ್ಟೆ. ಆ ರಾತ್ರಿ ಮಗ ಹನ್ನೆರಡರವರೆಗೆ ಎದೆ ನೀವಿಕೊಳ್ಳುತ್ತ ಅಂಗಳದಲ್ಲಿ ಓಡಾಡಿದ. ಅದಾದ ಮೇಲೆ ಬಟ್ಟೆಯನ್ನು ಒಂದು ದಿನವೂ ಬಿಡಲಿಲ್ಲ.

ಧೋತರದ ಮಾತು ಬಂತೆಂದು ಹೇಳಿಬಿಡುತ್ತೇನೆ. ಹಳೆಯ ಧೋತರ ಸಿಕ್ಕರೆ ಈಗಿನವರು ನೆಲ ಒರೆಸಲು ಹಾಕುತ್ತಾರೆ. ನಮ್ಮ ಮಾವನವರ ಧೋತರಗಳನ್ನು ನಾನು ಬೇವಿನ ಎಲೆಯ ಜೊತೆ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ. ಸೋಸುವ ಬಟ್ಟೆಗೆ ಪರಿಮಳದ ಸೋಪಿನ ಪುಡಿ ತಾಗಿಸಬಾರದು, ಬಣ್ಣದ ಬಟ್ಟೆಯ ಜೊತೆ ಯಂತ್ರಕ್ಕೆ ಹಾಕಬಾರದು. ಬಳಸಿದ ಕೂಡಲೇ ತಣ್ಣೀರಿನಲ್ಲಿ ತೊಳೆದು, ಕುದಿಸಿ, ಬಿಸಿಲಿಗೆ ಹರವಿ. ನಮ್ಮೂರಿನಲ್ಲಿ ಬಿಸಿಲಿಗೇನು ಬರವೇ?

ಉಣ್ಣುವ ಕ್ರಮಕ್ಕೆ ಬರೋಣ. ಮನೆಯ ದೊಡ್ಡ ತಟ್ಟೆಯನ್ನು ಮೇಲಿಡಿ, ಚಟ್ನಿಯ ಬಟ್ಟಲಿನಷ್ಟು ಚಿಕ್ಕ ಬಟ್ಟಲಿನಲ್ಲಿ ಬಡಿಸಿ. ಅಗಿಯುವ ಊಟ ಶುರುವಾದ ಮೇಲೆ ತುತ್ತು ಒಂದು ಶೇಂಗಾ ಬೀಜಕ್ಕಿಂತ ದೊಡ್ಡದಿರಬಾರದು. ಇಪ್ಪತ್ತೈದು ಮೂವತ್ತು ಸಲ ಅಗಿದು, ನುಂಗಿ, ಕೈಯನ್ನು ತೊಡೆಯ ಮೇಲೆ ಇಟ್ಟುಕೊಳ್ಳಬೇಕು. ಒಂದು ತುತ್ತು ಇಳಿಯಿತೆಂದು ತಿಳಿದ ಮೇಲೆಯೇ ಕೈ ಮತ್ತೆ ಬಟ್ಟಲಿಗೆ ಹೋಗಬೇಕು. ಒಂದು ಬಟ್ಟಲಿಗೆ ಇಪ್ಪತ್ತು ಮೂವತ್ತು ನಿಮಿಷ ಹಿಡಿಯುತ್ತದೆ, ಹಿಡಿಯಲಿ. ಎದೆಯ ನಡುವೆ ಒತ್ತಿದಂತಾಗುವುದು, ಬಿಕ್ಕಳಿಕೆ, ಮೂಗಿನಲ್ಲಿ ನೀರು, ಇವೆಲ್ಲ ಸಾಕು ಎಂದು ಹೊಟ್ಟೆ ಹೇಳುವ ರೀತಿ. ಆಮೇಲೆ ಒಂದು ಚಮಚವನ್ನೂ ಹಾಕಬಾರದು. "ಬಟ್ಟಲು ಖಾಲಿ ಮಾಡು, ಅನ್ನ ಚೆಲ್ಲಬಾರದು" ಎಂದು ನಾವು ಮಕ್ಕಳಿಗೆ ಕಲಿಸಿದ್ದೇವೆ. ಚೆಲ್ಲಬೇಡಿ, ನೀವು ಉಣ್ಣಿ, ಇಲ್ಲವೇ ಹಸುವಿಗೆ ಇಡಿ. ಅವರಿಗೆ ಮಾತ್ರ ತುರುಕಬೇಡಿ.

ಊಟದ ಜೊತೆ ನೀರು ಕೂಡದು. ಉಂಡು ಅರ್ಧ ಗಂಟೆಯಾದ ಮೇಲೆಯೇ. ಹಾಗೆಂದು ನೀರನ್ನೇ ಮರೆಯುವವರೂ ಇದ್ದಾರೆ. ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ಬೇಕು; ರಾಯಚೂರು, ಬಳ್ಳಾರಿ, ಕೊಪ್ಪಳದ 40 ಡಿಗ್ರಿ ದಾಟುವ ಬೇಸಿಗೆಯಲ್ಲಿ ಇನ್ನೂ ಜಾಗ್ರತೆ ಬೇಕು. ಒಮ್ಮೆಲೇ ಕುಡಿಯಲು ಜಾಗವಿಲ್ಲದ್ದರಿಂದ ಇಡೀ ದಿನ ಗುಟುಕು ಗುಟುಕಾಗಿ ಕುಡಿಯಬೇಕು. ಮಗನ ಗಲ್ಲಾ ಪೆಟ್ಟಿಗೆಯ ಪಕ್ಕದಲ್ಲಿ ಒಂದು ಚಿಕ್ಕ ಲೋಟ, ಒಂದು ಬಾಟಲಿ ಇಟ್ಟಿದ್ದೆ: ಒಬ್ಬ ಗಿರಾಕಿ ಹೋದರೆ ಎರಡು ಗುಟುಕು. ಮೂತ್ರ ಗಾಢ ಹಳದಿಯಾದರೆ ನೀರು ಸಾಲದು ಎಂದೇ ಅರ್ಥ. ನೀರುಮಜ್ಜಿಗೆ ಒಳ್ಳೆಯದು, ಒಗ್ಗರಣೆ ಬೇಡ. ಸೋಡಾ, ಗ್ಯಾಸ್ ತುಂಬಿದ ತಂಪು ಪಾನೀಯ ಮನೆಯೊಳಗೇ ತರಬೇಡಿ.

ಪ್ರೋಟೀನ್ ಪುಡಿಯನ್ನು ಡಬ್ಬಿ ಸಹಿತ ಕಪಾಟಿಗೆ ಸೇರಿಸಿ, "ನಮ್ಮ ಮನೆಯ ಊಟದಲ್ಲೇ ಎಲ್ಲ ಇದೆ" ಎನ್ನುವವರಿಗೆ ಒಂದು ಲೆಕ್ಕ. ದಿನಕ್ಕೆ ಬೇಕಾದದ್ದು 60ರಿಂದ 80 ಗ್ರಾಂ ಪ್ರೋಟೀನ್. ಒಂದು ಮೊಟ್ಟೆಯಲ್ಲಿ ಸಿಗುವುದು ಸುಮಾರು 6 ಗ್ರಾಂ, ದೊಡ್ಡ ಲೋಟ ಹಾಲಿನಲ್ಲಿ 8. ಒಂದು ಹಿಡಿ ಜಾಗದ ಹೊಟ್ಟೆಗೆ ಇದನ್ನೆಲ್ಲ ಎಲ್ಲಿ ಇಳಿಸುತ್ತೀರಿ? ಮೊದಲ ತಿಂಗಳುಗಳಲ್ಲಿ ವೈದ್ಯರು ಹೇಳಿದ ಪುಡಿ ಬೇಕೇ ಬೇಕು. ಬಟ್ಟಲಿನಲ್ಲಿಯೂ ಮೊದಲು ಬೇಳೆ, ಮೊಸರು, ಮೊಟ್ಟೆ, ಪನೀರು. ಜಾಗ ಉಳಿದರೆ ಅನ್ನ. ಗಂಗಾವತಿಯ ಸೋನಾ ಮಸೂರಿ ಎಷ್ಟೇ ಚೆನ್ನಾಗಿದ್ದರೂ ಅನ್ನ ಮುದ್ದೆಕಟ್ಟಿ ಕೂರುತ್ತದೆ. ಚಪಾತಿ, ಬ್ರೆಡ್ ಇನ್ನೂ ಕೆಟ್ಟವು.

ರೊಟ್ಟಿಯ ಆಸೆ ಬೇರೆಯೇ ಸಂಗತಿ. ಜೋಳದ ರೊಟ್ಟಿಯಿಲ್ಲದೆ ನಮ್ಮವರು ಎಷ್ಟು ದಿನ ಇರಬಲ್ಲರು? ಮಗನಿಗೆ ಎರಡು ತಿಂಗಳು ತುಂಬುವ ಹೊತ್ತಿಗೆ ಸರಿಯಾಗಿ ಗವಿಮಠದ ಜಾತ್ರೆ ಬಂತು. ಮಹಾದಾಸೋಹದಲ್ಲಿ ಊರಿಗೆ ಊರೇ ರೊಟ್ಟಿ, ಸಿಹಿ ಮಾದಲಿ ಉಣ್ಣುತ್ತಿತ್ತು. ಅವನು ಒಂದು ಖಡಕ್ ರೊಟ್ಟಿಯನ್ನು ಕರವಸ್ತ್ರದಲ್ಲಿ ಸುತ್ತಿ ಮನೆಗೆ ತಂದು ನನ್ನ ಕೈಗಿಟ್ಟ. ಮಾದಲಿಯನ್ನು ಕಣ್ಣಿಗೆ ಒತ್ತಿಕೊಂಡು ಮಗಳಿಗೆ ಕೊಟ್ಟ. ಆ ರೊಟ್ಟಿಯ ಅಂಚನ್ನೆಲ್ಲ ತೆಗೆದು, ನಡುವಿನ ಅಂಗೈಯಷ್ಟನ್ನು ಪುಡಿ ಮಾಡಿ, ತಿಳಿ ಬೇಳೆಯಲ್ಲಿ ಮುಕ್ಕಾಲು ಗಂಟೆ ನೆನೆಸಿ ಕೊಟ್ಟೆ. ನಾಲ್ಕು ಚಮಚ ಉಂಡ. ಕಣ್ಣಲ್ಲಿ ನೀರು ಬಂತು, ಅವನಿಗೂ, ನನಗೂ. ಮಿರ್ಚಿ ಬಜ್ಜಿಯ ಮಾತೇ ಎತ್ತಬೇಡಿ.

ವಿಟಮಿನ್, ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳು ಜೀವನಪೂರ್ತಿ. ಆರು ತಿಂಗಳು ನುಂಗಿ, ಚೆನ್ನಾಗಿದ್ದೇನೆಂದು ಬಿಟ್ಟವರನ್ನು ಕಂಡಿದ್ದೇನೆ. ವಿಟಮಿನ್ ಬಿ12 ಕಡಿಮೆಯಾಗಿ ಕಾಲು ಜೋಮು ಹಿಡಿದ ಮೇಲೆ ಅಳುತ್ತಾರೆ. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಒಟ್ಟಿಗೆ ನುಂಗಬಾರದು, ಎರಡು ಗಂಟೆಯ ಅಂತರವಿರಲಿ. ಕಬ್ಬಿಣದ ಮಾತ್ರೆಯ ಹಿಂದೆಯೇ ಚಹಾ ಬೇಡ. ಸಕ್ಕರೆ ಕಾಯಿಲೆ, ರಕ್ತದೊತ್ತಡದ ಮಾತ್ರೆಗಳ ಪ್ರಮಾಣ ಬೇಗ ಬದಲಾಗುತ್ತದೆ, ವೈದ್ಯರನ್ನು ಕೇಳದೆ ಹಳೆಯ ಚೀಟಿ ಹಿಡಿದು ನುಂಗಬೇಡಿ. ಮೈಕೈ ನೋವೆಂದು ಔಷಧಿ ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಿದರೆ ಒಳಗೆ ಹುಣ್ಣಾಗಬಹುದು. ಮೂರನೇ ತಿಂಗಳ ಹೊತ್ತಿಗೆ ಕೂದಲು ಉದುರುತ್ತದೆ. ತಂಗಿಯ ಮಗಳಿಗೆ ಈಗಲೇ ಹೇಳಿಟ್ಟಿದ್ದೇನೆ, ಎಣ್ಣೆಗಳಿಗೆ ಹಣ ಸುರಿಯಬೇಡ, ಪ್ರೋಟೀನ್ ಸರಿಯಾಗಿ ತೆಗೆದುಕೊಂಡರೆ ಮರಳಿ ಬರುತ್ತದೆ. ಒಂದು ವರ್ಷ, ಒಂದೂವರೆ ವರ್ಷ ಬಸಿರಾಗುವುದು ಬೇಡವೆಂದು ವೈದ್ಯರು ಹೇಳುತ್ತಾರೆ. ಇದನ್ನು ಅತ್ತೆಯಂದಿರು ಗಮನವಿಟ್ಟು ಓದಲಿ.

ಮನೆಯೊಳಗೆ ಮೊದಲ ದಿನದಿಂದಲೇ ಸ್ವಲ್ಪ ಸ್ವಲ್ಪ ನಡೆಯಲಿ, ಮಲಗಿಯೇ ಇದ್ದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯ. ತುಂಬಿದ ಕೊಡ, ಅಕ್ಕಿಯ ಚೀಲ ಒಂದೂವರೆ ತಿಂಗಳು ಎತ್ತಬಾರದು. ಕುಪ್ಪಸ ಸಡಿಲವಾಯಿತೆಂದು ಕತ್ತರಿ ಹಾಕಬೇಡಿ, ಒಳಗೆ ಹಿಡಿದು ಹೊಲಿಯಿರಿ. ಎರಡು ತಿಂಗಳಿಗೆ ಮತ್ತೆ ಹಿಡಿಯಬೇಕಾಗುತ್ತದೆ.

ಜ್ವರ, ನಿಲ್ಲದ ಹೊಟ್ಟೆನೋವು, ಕೂತಲ್ಲೇ ಎದೆ ಜೋರಾಗಿ ಬಡಿದುಕೊಳ್ಳುವುದು, ಉಸಿರು ಕಟ್ಟುವುದು, ಒಂದು ಕಾಲು ಊದುವುದು, ನೀರೂ ನಿಲ್ಲದ ವಾಂತಿ. ಇವುಗಳಲ್ಲಿ ಒಂದು ಕಂಡರೂ ಮನೆಮದ್ದು ಮಾಡುತ್ತ ಕೂರಬೇಡಿ, ನಡುರಾತ್ರಿಯಾದರೂ ಆಸ್ಪತ್ರೆಗೆ ಹೊರಡಿ.

ಗಂಗಾವತಿಯಿಂದ ಹೊರಡುವ ಮುನ್ನ ಪಥ್ಯದ ಹಾಳೆಯ ಎಣ್ಣೆ ಒರೆಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ಧೋತರದ ತುಂಡೊಂದನ್ನು ಆ ಮನೆಯ ಅತ್ತೆಯ ಕೈಗೆ ಕೊಟ್ಟು, ಅವರ ಕೈಯಿಂದಲೇ ಒಂದು ಸಲ ಬೇಳೆ ಸೋಸಿಸಿದೆ. ಬಟ್ಟೆಯನ್ನು ಮಗುಚಿ ಅಡಿಯ ಗಟ್ಟಿಯನ್ನು ಕಂಡಾಗ ಅವರು ನನ್ನ ಮುಖ ನೋಡಿದರು. ಬರುವ ಗುರುವಾರ ಮತ್ತೆ ಹೋಗುತ್ತೇನೆ, ಹೋದ ತಕ್ಷಣ ಮೊದಲು ಆ ಬಟ್ಟೆಯನ್ನೇ ಮೂಸಿ ನೋಡುತ್ತೇನೆ.