ಬಿಸಿಲು, ಬರ ತಡೆಯುವ ಕಾಫಿ ತಳಿ ಮಾಡುವುದು ಹೇಗೆ?

ತಾಯಿ ಗಿಡ ಆರಿಸಲು ಮಳೆ ಕೈಕೊಟ್ಟ ವರ್ಷವೇ ಸರಿಯಾದ ಸಮಯ. ಮಳೆ ಚೆನ್ನಾಗಿ ಬಂದರೆ ಎಲ್ಲ ಗಿಡಗಳೂ ಚೆನ್ನಾಗಿಯೇ ಕಾಣುತ್ತವೆ, ಅಲ್ವಾ? ಬಿರುಬಿಸಿಲಲ್ಲಿ ಸುತ್ತಲಿನ ಗಿಡಗಳ ಎಲೆ ಬಾಡಿ ಉದುರುವಾಗ ಹಸಿರಾಗಿ ನಿಂತ ಗಿಡಕ್ಕೆ ಗುರುತು ಹಾಕಿ. ಅದಕ್ಕೆ ನೆರಳೋ ನೀರೋ ಜಾಸ್ತಿ ಸಿಗುತ್ತಿದೆಯಾ ಅಂತ ಮೊದಲು ನೋಡಿಕೊಳ್ಳಿ. ಕಾಫಿ ಒಂದು ವರ್ಷ ಜಾಸ್ತಿ, ಮರುವರ್ಷ ಕಮ್ಮಿ ಕೊಡುವ ಬೆಳೆ. ಹಾಗಾಗಿ ಕನಿಷ್ಠ ನಾಲ್ಕು ಫಸಲು ತೂಕ ಮಾಡಿ ಬರೆದಿಡಿ. ಹಣ್ಣನ್ನು ನೀರಿಗೆ ಹಾಕಿ, ತೇಲುವ ಜೊಳ್ಳು ಎಷ್ಟು ಅಂತಲೂ ನೋಡಿ. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ, ಬಿಡಬೇಡಿ.

ಕಾಫಿಯಲ್ಲಿ ಮುಖ್ಯವಾಗಿ ಎರಡು ಜಾತಿ, ಅರೇಬಿಕಾ ಮತ್ತು ರೋಬಸ್ಟಾ. ಅರೇಬಿಕಾಗೆ ಹಿತವಾದ ಸರಾಸರಿ ತಾಪಮಾನ ಸುಮಾರು 18ರಿಂದ 22 ಡಿಗ್ರಿ ಸೆಲ್ಸಿಯಸ್. ಅದರೊಳಗೆ ತಳಿ ವೈವಿಧ್ಯ ಬಹಳ ಕಡಿಮೆ, ಹಾಗಾಗಿ ಎಲೆ ತುಕ್ಕು ರೋಗ (ಎಲೆ ಉದುರಿಸುವ ಶಿಲೀಂಧ್ರ ರೋಗ) ತಡೆಯುವ ಗುಣವನ್ನು ಹೊರಗಿಂದ ತರಬೇಕಾಗುತ್ತದೆ. ರೋಬಸ್ಟಾ ಜೊತೆ ನೇರವಾಗಿ ಕ್ರಾಸ್ ಮಾಡಿದರೆ ಸುಲಭಕ್ಕೆ ಆಗುವುದಿಲ್ಲ. ಅರೇಬಿಕಾದಲ್ಲಿ 44 ಕ್ರೋಮೋಸೋಮ್, ರೋಬಸ್ಟಾದಲ್ಲಿ 22. ಹುಟ್ಟುವ ಗಿಡಗಳು ಹೆಚ್ಚಾಗಿ ಬಂಜೆ. ಟಿಮೋರ್ ದ್ವೀಪದಲ್ಲಿ ಇವೆರಡೂ ತಾನಾಗಿಯೇ ಬೆರೆತು ಹುಟ್ಟಿದ ಗಿಡ ಸಿಕ್ಕಿದ್ದು ದೊಡ್ಡ ಅದೃಷ್ಟ. ಅದು ಅರೇಬಿಕಾ ಜೊತೆ ಸಲೀಸಾಗಿ ಕೂಡುತ್ತದೆ. ಕ್ರಾಸ್‌ಗೆ ಒಂದು ಕಡೆ ಅದರ ಸಂತತಿಯ ಗಿಡ, ಇನ್ನೊಂದು ಕಡೆ ನೀವು ಗುರುತು ಹಾಕಿದ ಗಿಡ ಇಟ್ಟುಕೊಳ್ಳಿ.

ಇನ್ನು ಕ್ರಾಸ್ ಮಾಡುವ ಕೆಲಸ. ಅರೇಬಿಕಾ ಬಹುಪಾಲು ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ, ಅದಕ್ಕೆ ಹೂ ಅರಳುವ ಹಿಂದಿನ ದಿನವೇ ಕೈ ಹಾಕಬೇಕು. ಮೊಗ್ಗು ಬೆಳ್ಳಗೆ ಉಬ್ಬಿ, ಇನ್ನೂ ಬಿಚ್ಚದೆ ಮೇಣದಬತ್ತಿಯ ಹಾಗೆ ನಿಂತಿರುತ್ತದೆ. ಚೂಪಾದ ಸಣ್ಣ ಕತ್ತರಿಯಿಂದ ದಳದ ಕೊಳವೆಯನ್ನು ಬುಡದ ಹತ್ತಿರ ಕತ್ತರಿಸಿ ಮೆಲ್ಲಗೆ ಎಳೆಯಿರಿ. ಪರಾಗ ಇರುವ ಕೇಸರಗಳು ದಳಕ್ಕೇ ಅಂಟಿಕೊಂಡಿರುವುದರಿಂದ ಅವೂ ಜೊತೆಯಲ್ಲೇ ಬರುತ್ತವೆ, ನಡುವಿನ ಶಲಾಕೆ (ಪರಾಗ ಹಿಡಿಯುವ ಹೆಣ್ಣು ಭಾಗದ ಕಡ್ಡಿ) ಮಾತ್ರ ಉಳಿಯುತ್ತದೆ. ಅದಕ್ಕೆ ಪೆಟ್ಟಾದರೆ ಆ ಹೂ ಬಿಟ್ಟುಬಿಡಿ. ಆ ರೆಂಬೆಯ ಬೇರೆ ಹೂ ಮೊಗ್ಗೆಲ್ಲ ಕಿತ್ತು ಕಾಗದದ ಚೀಲ ಕಟ್ಟಿ. ಮರುದಿನ ಬೆಳಿಗ್ಗೆ ಪರಾಗಕ್ಕೆ ಆರಿಸಿಕೊಂಡ ಗಿಡದ ಈಗಷ್ಟೇ ಅರಳಿದ ಹೂವನ್ನು ಶಲಾಕೆಯ ತುದಿಗೆ ಸವರಿ, ಮತ್ತೆ ಚೀಲ ಕಟ್ಟಿ, ಎರಡೂ ಗಿಡದ ಹೆಸರು, ತಾರೀಖು ಬರೆದ ಚೀಟಿ ಹಾಕಿ.

ಎಂಟೊಂಬತ್ತು ತಿಂಗಳಿಗೆ ಹಣ್ಣಾಗುತ್ತದೆ. ಬೀಜ ನೆರಳಲ್ಲಿ ಒಣಗಿಸಿ ಬೇಗ ಬಿತ್ತಿ, ಮೊಳೆಯುವ ಶಕ್ತಿ ಕೆಲವೇ ತಿಂಗಳು.

ಮೊದಲ ತಲೆಮಾರಿನ ಹೈಬ್ರಿಡ್ ಗಿಡಗಳು ಹುರುಪಾಗಿ ಬೆಳೆಯುತ್ತವೆ. ಅದನ್ನು ನೋಡಿ ಅವುಗಳ ಬೀಜ ರೈತರಿಗೆ ಹಂಚಬೇಡಿ, ಮುಂದಿನ ಗಿಡಗಳು ಒಂದೊಂದು ಒಂದೊಂದು ಥರ ಬರುತ್ತವೆ. ಹೈಬ್ರಿಡ್ಡೇ ಬೇಕಾದರೆ ಕಡ್ಡಿ ನೆಟ್ಟು ಅಥವಾ ಅಂಗಾಂಶ ಕೃಷಿಯಿಂದ ಸಸಿ ಮಾಡಿ. ಬೀಜದ ತಳಿಯೇ ಬೇಕು ಅಂದರೆ ಐದಾರು ತಲೆಮಾರು ಆರಿಸುತ್ತಾ ಹೋಗಬೇಕು, ಇಪ್ಪತ್ತು ವರ್ಷ ದಾಟಬಹುದು. ಆ ಹೊತ್ತಿಗೆ ಹವಾಮಾನವೂ ಬದಲಾಗಿರುತ್ತದೆ, ತುಕ್ಕಿನ ಹೊಸ ಬಗೆಗಳೂ ಹುಟ್ಟಿರುತ್ತವೆ. ಅದಕ್ಕೇ ಪ್ರತಿ ತಲೆಮಾರನ್ನೂ ತಂಪಿನ ಜಾಗದಲ್ಲೊಂದು ಸಾಲು, ಬಿಸಿ ಜಾಸ್ತಿ ಇರುವ ತಗ್ಗಿನಲ್ಲೊಂದು ಸಾಲು ನೆಟ್ಟು ನೋಡಿ. ಎರಡೂ ಕಡೆ ಫಸಲು ಕೊಟ್ಟ ಗಿಡಗಳನ್ನು ರೈತರಿಗೆ ತೋರಿಸಿ, ಕಾಫಿ ಕುಡಿಸಿ. ರುಚಿ ಕೆಟ್ಟಿದ್ದರೆ ಎಷ್ಟೇ ಗಟ್ಟಿ ಗಿಡವಾದರೂ ಆ ಸಾಲನ್ನು ಕೈಬಿಡಿ.